ನದಿನೀರಿನಲ್ಲಿ ಆರ್ಸೆನಿಕ್ಕಿನ ಅಳತೆ: ತುಂಗಭದ್ರೆ ಮತ್ತು ಕಪ್ಪತಗುಡ್ಡದ ಸೀಮೆ

ಆರ್ಸೆನಿಕ್ ಪರಮಾಣು ಸಂಖ್ಯೆ 33ರ ಧಾತು. ಪಾಷಾಣ, ಅರಿದಾಳ, ಮಣಿಶಿಲೆ ಎಂದು ನಾಟಿ ವೈದ್ಯರೂ ಬಣ್ಣ ಅರೆಯುವವರೂ ಬಹುಕಾಲದಿಂದ ಬಲ್ಲ ವಸ್ತುಗಳೆಲ್ಲ ಇದರ ಸಂಯುಕ್ತಗಳೇ. ನೀರಿನಲ್ಲಿ ಕರಗಿದ ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. 1980ರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆ ಕೆಟ್ಟಾಗ ದಂಡೆಯ ಜನ ಅದನ್ನು ಮೂಗಿನಿಂದ, ಕಣ್ಣಿನಿಂದ ತಿಳಿದರು, ದನಿಯೆತ್ತಿದರು. ಆರ್ಸೆನಿಕ್ ಅಂಥ ಸುಳಿವನ್ನೇ ಕೊಡುವುದಿಲ್ಲ. ಅದರ ಇರವು ತಿಳಿಯಲು ಅಳತೆಯೊಂದೇ ದಾರಿ. ಆ ಅಳತೆ ಪ್ರಯೋಗಾಲಯದ ಯಂತ್ರದಲ್ಲಿ ಮುಗಿಯುತ್ತದೆಯಾದರೂ ಅದು ಆರಂಭವಾಗುವುದು ಹೊಳೆಯ ದಂಡೆಯಲ್ಲಿ. ದಂಡೆಯಲ್ಲಿ ಕೆಟ್ಟ ಮಾದರಿಯನ್ನು ಯಾವ ಯಂತ್ರವೂ ಸರಿಪಡಿಸಲಾರದು.

ನೆಲ ಮತ್ತು ನೀರು

ಗದಗ ಜಿಲ್ಲೆಯ ದಕ್ಷಿಣದ ಎಲ್ಲೆಯಲ್ಲಿ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಅಂಚು ಹಿಡಿದು ತುಂಗಭದ್ರೆ ಹರಿಯುತ್ತದೆ. ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿ ಹೊರಟ ನದಿ ಹೊನ್ನಾಳಿ, ಹರಿಹರ ದಾಟಿ, ಗಳಗನಾಥದ ಬಳಿ ವರದೆಯನ್ನು ಕೂಡಿಸಿಕೊಂಡು ಇಲ್ಲಿಗೆ ಬರುತ್ತದೆ. ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಅದನ್ನು ತಡೆದು ನಿಲ್ಲಿಸಿದೆ. ಗದಗ-ಬೆಟಗೇರಿ ಅವಳಿ ನಗರ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲಕ್ಕೂ ಕುಡಿಯುವ ನೀರಿನ ದೊಡ್ಡ ಆಸರೆ ಇದೇ ಹೊಳೆ. ಈ ಭಾಗದ ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಿದ, ಮೊಣಕಾಲು ಬಾಗಿದ ಜನರನ್ನು ಕಂಡ ಊರುಗಳು ಹೊಳೆನೀರು ಬಂದಾಗ ನಿಟ್ಟುಸಿರು ಬಿಟ್ಟದ್ದು ಸಹಜ. ಬೋರನ್ನು ಬಿಟ್ಟು ಹೊಳೆಯನ್ನು ನಂಬಿದ ಮೇಲೆ ಆ ಹೊಳೆಯಲ್ಲಿ ಏನಿದೆ ಎಂದು ಪೂರ್ತಿ ತಿಳಿದಿರಬೇಕಾದದ್ದೂ ಅಷ್ಟೇ ಅಗತ್ಯ.

ಆರ್ಸೆನಿಕ್ಕಿನ ಪ್ರಶ್ನೆ ಈ ಸೀಮೆಗೆ ಹೊರಗಿನಿಂದ ಬಂದದ್ದಲ್ಲ, ಇಲ್ಲಿನ ಕಲ್ಲಿನಲ್ಲೇ ಇದೆ. ಕಪ್ಪತಗುಡ್ಡ ಚಿತ್ರದುರ್ಗದಿಂದ ಗದಗಿನವರೆಗೆ ಹಬ್ಬಿದ ಪುರಾತನ ಶಿಲಾಪಟ್ಟಿಯ ಉತ್ತರದ ಭಾಗ. ಅದರೊಳಗೆ ಚಿನ್ನವಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಸೀಮೆಯ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದರು. ಸೊರಟೂರಿನ ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರ ಕಸುಬು ಅದಕ್ಕೂ ಹಳೆಯದು. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು ಮೊದಲಾದೆಡೆ ಗಣಿ ಅಗೆದು, ಆಮೇಲೆ ಬಿಟ್ಟುಹೋದವು. ಇಲ್ಲಿನ ಚಿನ್ನದ ಜೊತೆಗಾರ ಖನಿಜವೆಂದರೆ ಆರ್ಸೆನೋಪೈರೈಟ್: ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಬೆರೆತದ್ದು, ತೂಕದಲ್ಲಿ ಸುಮಾರು 46 ಪ್ರತಿಶತ ಆರ್ಸೆನಿಕ್ಕೇ. ನೆಲದಾಳದಲ್ಲಿ ಗಾಳಿ ತಾಗದೆ ಇದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ಅಗೆದು, ಪುಡಿಮಾಡಿ, ಮಳೆ-ಗಾಳಿಗೆ ಒಡ್ಡಿದಾಗ ಗಂಧಕ ಆಮ್ಲವಾಗುತ್ತದೆ, ಕಬ್ಬಿಣ ತುಕ್ಕಾಗುತ್ತದೆ, ಆರ್ಸೆನಿಕ್ ನೀರಿಗಿಳಿಯಲು ಸಿದ್ಧವಾಗುತ್ತದೆ. ಅದರ ಬಹುಪಾಲನ್ನು ಅದೇ ತುಕ್ಕು ಹಿಡಿದಿಡುತ್ತದೆ ಎಂಬುದು ಸಮಾಧಾನದ ಮಾತು. ಆ ತುಕ್ಕಿನ ಕಣಗಳು ಮಳೆಗಾಲದಲ್ಲಿ ಕೊಚ್ಚಿಹೋಗಿ ಹೊಳೆಯ ಕೆಸರಿಗೆ ಸೇರಬಲ್ಲವು ಎಂಬುದು ಅದರ ಇನ್ನೊಂದು ಮಗ್ಗುಲು.

ಇಂಥ ಶಿಲೆ ಜನರ ಮೈಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಅಲ್ಲಿನ ಮಂಗಳೂರು ಎಂಬ ಊರಿನ ಮುಚ್ಚಿಹೋದ ಚಿನ್ನದ ಗಣಿಯ ನೆರೆಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲುಗಳು ಗಂಟುಗಟ್ಟಿ, ಮೈಮೇಲೆ ಕಪ್ಪು ಚುಕ್ಕೆಗಳೆದ್ದವು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಕೊಳವೆಬಾವಿಯ ನೀರಿನ ಆರ್ಸೆನಿಕ್ ಕಾರಣವೆಂದು ತೋರಿಸಿತು. ಮುಖ್ಯವಾಗಿ ಗಂಗೆಯ ಮೆಕ್ಕಲುಮಣ್ಣಿನ ಬಯಲಿನ ಪಿಡುಗೆಂದು ಹೆಸರಾದ ರೋಗ ಕರ್ನಾಟಕದ ಗಟ್ಟಿ ಕಲ್ಲಿನ ನೆಲದಲ್ಲೂ ಉಂಟೆಂದು ಆಗ ಸ್ಪಷ್ಟವಾಯಿತು. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳು ಆರ್ಸೆನಿಕ್ ಕಂಡ ಜಿಲ್ಲೆಗಳಾಗಿ ಸೇರಿವೆ. ಅದು ಬಾವಿಯ ನೀರಿನ ಕಥೆ. ಹರಿಯುವ ಹೊಳೆಯ ಲೆಕ್ಕವೇ ಬೇರೆ. ಆದರೂ ಅಲ್ಲಿನ ಕಲ್ಲು ಮತ್ತು ಕಪ್ಪತಗುಡ್ಡದ ಕಲ್ಲು ಒಂದೇ ಬಳಗದವು.

ಎಷ್ಟು ಕಡಿಮೆ?

ಲೋಕದ ನದಿಗಳಲ್ಲಿ ಸಹಜವಾಗಿ ಕರಗಿರುವ ಆರ್ಸೆನಿಕ್ ಸಾಮಾನ್ಯವಾಗಿ ಲೀಟರಿಗೆ 0.1ರಿಂದ 2 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ 1958ರಲ್ಲಿ 200 ಮೈಕ್ರೊಗ್ರಾಂ ಮಿತಿ ಹಾಕಿತ್ತು. 1963ರಲ್ಲಿ ಅದನ್ನು 50ಕ್ಕೂ 1993ರಲ್ಲಿ 10ಕ್ಕೂ ಇಳಿಸಿತು. ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿಯೂ ಈಗ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಅದೇ 10 ಮೈಕ್ರೊಗ್ರಾಂ. ಮನೆಯ ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಅದರೊಳಗೆ ಒಟ್ಟು 10 ಮಿಲಿಗ್ರಾಂ ಇದ್ದರೆ ಮಿತಿ ಮುಟ್ಟಿದಂತೆ. ಫ್ಲೋರೈಡಿನ ಮಿತಿಯೊಂದಿಗೆ ಹೋಲಿಸಿದರೆ ಇದು ನೂರು ಪಟ್ಟು ಕಡಿಮೆ. ಹಾಗಾಗಿ ಫ್ಲೋರೈಡ್ ಅಳೆಯುವ ಕೈಚಳಕ ಇಲ್ಲಿ ಸಾಲದು. ಹೊಳೆಯ ಸಹಜ ಮಟ್ಟವನ್ನು ಅರಿಯಬೇಕಾದರೆ ಮಿತಿಗಿಂತಲೂ ಹತ್ತು, ನೂರು ಪಟ್ಟು ಕೆಳಗಿನದನ್ನು ಕಾಣುವ ವಿಧಾನ ಬೇಕು. ವರದಿಗಳಲ್ಲಿ ‘10ಕ್ಕಿಂತ ಕಡಿಮೆ’ ಎಂದಷ್ಟೇ ಬರೆದುಬಿಟ್ಟರೆ ಮಿತಿ ದಾಟಿಲ್ಲವೆಂದು ಗೊತ್ತಾಗುತ್ತದೆ ನಿಜ. 0.5 ಇದ್ದದ್ದು ಐದಾರು ವರ್ಷದಲ್ಲಿ 5ಕ್ಕೆ ಏರಿದರೆ ಮಾತ್ರ ಅಂಥ ವರದಿಯಲ್ಲಿ ಅದು ಕಾಣುವುದೇ ಇಲ್ಲ.

ರೂಪಗಳು

ನೀರಿನಲ್ಲಿ ಆರ್ಸೆನಿಕ್ ಒಂದೇ ವೇಷದಲ್ಲಿರುವುದಿಲ್ಲ. ಗಾಳಿ ಬೆರೆತ ಹರಿವ ನೀರಿನಲ್ಲಿ ಹೆಚ್ಚಿನದು ಆರ್ಸೆನೇಟ್, ಅಂದರೆ ಐದರ ವೇಲೆನ್ಸಿಯದು. ಆಮ್ಲಜನಕ ಕಡಿಮೆಯಾದ ಕಡೆ, ಬ್ಯಾರೇಜಿನ ಹಿಂದೆ ನಿಂತ ನೀರಿನ ತಳದಲ್ಲಿ, ಕೆಸರಿನೊಳಗೆ, ಮೂರರ ವೇಲೆನ್ಸಿಯ ಆರ್ಸೆನೈಟ್ ಹುಟ್ಟುತ್ತದೆ. ವಿಷದಲ್ಲಿ ಆರ್ಸೆನೈಟೇ ಹೆಚ್ಚು ಕಟು. ಇವೆರಡರ ಜೊತೆಗೆ ಮೀಥೈಲ್ ಗುಂಪು ತೊಟ್ಟ ಎರಡು ಸಾವಯವ ರೂಪಗಳು ಸಿಗುತ್ತವೆ: ಮಾನೊಮೀಥೈಲ್ ಆರ್ಸೋನಿಕ್ ಆಮ್ಲ ಮತ್ತು ಡೈಮೀಥೈಲ್ ಆರ್ಸಿನಿಕ್ ಆಮ್ಲ. ಇವನ್ನು ಮಾಡುವುದು ಪಾಚಿ ಮತ್ತು ಸೂಕ್ಷ್ಮಜೀವಿಗಳು. ಪಾಚಿಗೆ ಫಾಸ್ಫೇಟ್ ಬೇಕು. ಆರ್ಸೆನೇಟ್ ರಚನೆಯಲ್ಲಿ ಅದನ್ನೇ ಹೋಲುವುದರಿಂದ ಎರಡನ್ನೂ ಒಳಗೆಳೆದುಕೊಳ್ಳುತ್ತದೆ, ಬೇಡದ್ದನ್ನು ಮೀಥೈಲ್ ತೊಡಿಸಿ ಹೊರಹಾಕುತ್ತದೆ. ಬೇಸಿಗೆಯಲ್ಲಿ ಹೊಳೆ ಇಳಿದು, ಮಡುಗಳಲ್ಲಿ ನೀರು ಹಸಿರುಗಟ್ಟುವ ದಿನಗಳಲ್ಲಿ ಈ ರೂಪಗಳನ್ನು ಹುಡುಕುವುದು ಸರಿ.

ರೂಪ ತಿಳಿಯುವುದು ರಸಾಯನಶಾಸ್ತ್ರಜ್ಞರ ಕುತೂಹಲವಷ್ಟೇ ಎಂದು ಬಗೆಯುವಂತಿಲ್ಲ. ಸಾಧಾರಣ ಹೊಳೆನೀರಿನ ಪಿಎಚ್‌ನಲ್ಲಿ ಆರ್ಸೆನೇಟಿಗೆ ಋಣ ವಿದ್ಯುದಂಶವಿದೆ, ಆರ್ಸೆನೈಟಿಗೆ ಯಾವ ವಿದ್ಯುದಂಶವೂ ಇಲ್ಲ. ಪಟಿಕ ಹಾಕಿ ಕೆಸರು ಇಳಿಸುವ ಶುದ್ಧೀಕರಣ ಘಟಕ ಆರ್ಸೆನೇಟನ್ನು ಚೆನ್ನಾಗಿ ಹಿಡಿಯುತ್ತದೆ, ಆರ್ಸೆನೈಟನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಹಳ್ಳಿಹಳ್ಳಿಯಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಆರ್‌ಒ ಘಟಕದ ಪೊರೆಯ ವಿಷಯವೂ ಹಾಗೆಯೇ: ಆರ್ಸೆನೇಟಿಗೆ ಗೋಡೆ, ಆರ್ಸೆನೈಟಿಗೆ ಸಂದು. ಪಟಿಕಕ್ಕೆ ಮುಂಚೆ ಕ್ಲೋರಿನ್ ಹಾಕಿದರೆ ಆರ್ಸೆನೈಟ್ ಆರ್ಸೆನೇಟಾಗುತ್ತದೆ, ಆಗ ಅದೂ ಸಿಕ್ಕಿಬೀಳುತ್ತದೆ. ಒಟ್ಟು ಆರ್ಸೆನಿಕ್ ಎಷ್ಟು ಎಂಬ ಒಂದೇ ಅಂಕಿ ಇದ್ದರೆ ಇಂಥ ತೀರ್ಮಾನಕ್ಕೆ ಬರಲಾಗುವುದಿಲ್ಲ.

ದಂಡೆಯ ಕೆಲಸ

ಮಾದರಿಯ ಬಾಟಲಿ ತುಂಬಿದ ಕ್ಷಣದಿಂದಲೇ ರೂಪಗಳು ಬದಲಾಗತೊಡಗುತ್ತವೆ. ಬೆಳಕು, ಗಾಳಿ, ಸೂಕ್ಷ್ಮಜೀವಿ ಮೂರೂ ಸೇರಿ ಆರ್ಸೆನೈಟನ್ನು ಆರ್ಸೆನೇಟಾಗಿಸುತ್ತವೆ. ಬ್ಯಾರೇಜಿನ ತಳದಂಥ ಕಡೆಯ ನೀರಿನಲ್ಲಿ ಕರಗಿದ ಕಬ್ಬಿಣವಿದ್ದರೆ ಅದು ಬಾಟಲಿಯಲ್ಲೇ ತುಕ್ಕಾಗಿ, ಆರ್ಸೆನಿಕ್ಕನ್ನು ಹೊತ್ತುಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಅಳೆದವರಿಗೆ ಆರ್ಸೆನಿಕ್ ಇಲ್ಲವೆಂದೇ ತೋರುತ್ತದೆ. ಒಟ್ಟು ಅಂಕಿ ಸಾಕೆನ್ನುವವರು ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿದರಾಯಿತು. ರೂಪಗಳು ಬೇಕೆನ್ನುವವರಿಗೆ ನೈಟ್ರಿಕ್ ಆಗದು, ಅದೇ ಆಕ್ಸಿಡೀಕರಣಕ್ಕೆ ದಾರಿಯಾಗಬಹುದು. ಕಬ್ಬಿಣವನ್ನು ಬಿಗಿಹಿಡಿಯುವ ಇಡಿಟಿಎ ಮತ್ತು ಅಸಿಟಿಕ್ ಆಮ್ಲ ಸೇರಿಸಿ, ಬೆಳಕು ತೂರದ ಬಾಟಲಿಯಲ್ಲಿ, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಒಯ್ಯುವುದು ಒಪ್ಪಿತ ಕ್ರಮ. ಇದಕ್ಕಿಂತ ಗಟ್ಟಿಯಾದ ಉಪಾಯವೂ ಇದೆ. ಆರ್ಸೆನೇಟನ್ನು ಹೀರಿಕೊಂಡು ಆರ್ಸೆನೈಟನ್ನು ಬಿಡುವ ಸಣ್ಣ ಕಾರ್ಟ್ರಿಜ್ಜಿನೊಳಗೆ ಹೊಳೆಯ ದಂಡೆಯಲ್ಲೇ ನೀರು ಹಾಯಿಸುವುದು. ಹಾಗೆ ಮಾಡಿದರೆ ಎರಡೂ ರೂಪಗಳು ಅಲ್ಲೇ ಬೇರೆಬೇರೆಯಾಗುತ್ತವೆ. ಆಮೇಲೆ ದಾರಿಯಲ್ಲಿ ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ಸೋಸುವ ವಿಷಯ ಈ ಸೀಮೆಯಲ್ಲಿ ವಿಶೇಷ ಕಷ್ಟದ್ದು. 0.45 ಮೈಕ್ರೊಮೀಟರ್ ರಂಧ್ರದ ಸೋಸುಪೊರೆ ದಾಟಿದ್ದನ್ನು ‘ಕರಗಿದ್ದು’ ಎನ್ನುವುದು ರೂಢಿ. ಮಳೆಗಾಲದ ಹೊಸ ನೀರು ಎರೆಮಣ್ಣು, ಕೆಂಪುಮಣ್ಣು ಎರಡನ್ನೂ ಹೊತ್ತು ತರುತ್ತದೆ. ಆ ನೀರಿಗೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡ ಪೊರೆ ಇನ್ನೂ ಸಣ್ಣ ಕಣಗಳನ್ನೂ ತಡೆಯುತ್ತದೆ, ಅಂಕಿ ಇಳಿಯುತ್ತದೆ. ಪೊರೆಯನ್ನು ಬೇಗಬೇಗ ಬದಲಿಸುತ್ತ, ಸೋಸಿದ್ದು ಮತ್ತು ಸೋಸದ್ದು ಎರಡನ್ನೂ ಬೇರೆಬೇರೆ ಬಾಟಲಿಗೆ ತುಂಬಬೇಕು. ಪ್ರವಾಹದ ದಿನಗಳಲ್ಲಿ ಆರ್ಸೆನಿಕ್ಕಿನ ಬಹುಭಾಗ ಕರಗಿ ಬರುವುದಿಲ್ಲ, ತುಕ್ಕಿನ ಕಣಗಳ ಬೆನ್ನೇರಿ ಬರುತ್ತದೆ. ಆ ಕಣಗಳು ಬ್ಯಾರೇಜಿನ ಹಿಂದೆ ತಂಗಿ, ಬೇಸಿಗೆಯಲ್ಲಿ ತಳದ ಆಮ್ಲಜನಕ ತೀರಿದಾಗ ತುಕ್ಕು ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡಬಹುದು. ಹಾಗಾಗಿ ಸೋಸಿದ ನೀರಿನ ಅಂಕಿಯನ್ನಷ್ಟೇ ಬರೆದಿಡುವವರು ಹೊಳೆಯ ಅರ್ಧ ಕಥೆಯನ್ನು ಬಿಟ್ಟಂತೆ.

ಅಳೆಯುವ ವಿಧಾನಗಳು

ಆರ್ಸೆನಿಕ್ ಅಳತೆಯ ಚರಿತ್ರೆ ಕೊಲೆಯ ಮೊಕದ್ದಮೆಯಿಂದ ಶುರುವಾಗುತ್ತದೆ. ಅಜ್ಜನ ಕಾಫಿಯಲ್ಲಿ ಪಾಷಾಣ ಬೆರೆಸಿದ ಆರೋಪದ ಮೇಲೆ 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆದಾಗ, ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ವಿಷವನ್ನು ಕಂಡುಹಿಡಿದರೂ ಅದರ ಕುರುಹು ಕೆಟ್ಟುಹೋಗಿ ಜ್ಯೂರಿಗೆ ನಂಬಿಕೆ ಬರಲಿಲ್ಲ. ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದರು: ಸತು ಮತ್ತು ಆಮ್ಲದಿಂದ ಹುಟ್ಟುವ ಹೈಡ್ರೋಜನ್ ಆರ್ಸೆನಿಕ್ಕನ್ನು ಆರ್ಸೀನ್ ಎಂಬ ಅನಿಲವಾಗಿಸುತ್ತದೆ, ಕಾಯಿಸಿದ ಗಾಜಿನ ಕೊಳವೆಯಲ್ಲಿ ಅದು ಕನ್ನಡಿಯಂಥ ಕಪ್ಪು ಲೇಪವಾಗಿ ಕೂರುತ್ತದೆ. ಬೆರಕೆಗಳಲ್ಲಿ ಬಹುಪಾಲು ದ್ರವದಲ್ಲೇ ಉಳಿದು ಆರ್ಸೆನಿಕ್ ಗಾಳಿಗೇರುವ ಈ ಗುಣ ಎಷ್ಟು ಬೆಲೆಯುಳ್ಳದ್ದೆಂದರೆ, ಮುಂದಿನ ನೂರೈವತ್ತು ವರ್ಷಗಳ ವಿಧಾನಗಳಲ್ಲಿ ಬಹುಪಾಲು ಇದರ ಮೇಲೆಯೇ ನಿಂತಿವೆ. 1879ರ ಗುಟ್‌ಜೈಟ್ ಪರೀಕ್ಷೆ ಆರ್ಸೀನನ್ನು ರಾಸಾಯನಿಕ ಸವರಿದ ಕಾಗದಕ್ಕೆ ತಾಗಿಸಿತು. ಇಂದಿನ ಕ್ಷೇತ್ರ ಕಿಟ್ಟುಗಳು ಅದರ ಮೊಮ್ಮಕ್ಕಳು. ಪಾದರಸದ ಬ್ರೋಮೈಡ್ ಕಾಗದ ಹಳದಿಯಿಂದ ಕಂದಿಗೆ ತಿರುಗುವುದನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತಾರೆ. ನೀರಿನಲ್ಲಿ ಗಂಧಕದ ಅನಿಲವಿದ್ದರೆ ಅದೂ ಬಣ್ಣ ತರುತ್ತದೆ, ಅದನ್ನು ತಡೆಯಲು ನಡುವೆ ಸೀಸದ ಅಸಿಟೇಟ್ ಅದ್ದಿದ ಹತ್ತಿ ಇಡಬೇಕು. ಕಿಟ್ಟಿನ ಕೆಲಸ ಅಪಾಯದ ಬಾವಿಯನ್ನು ಗುರುತಿಸುವುದು. ಲೀಟರಿಗೆ ಒಂದು ಮೈಕ್ರೊಗ್ರಾಂ ಇರುವ ಹೊಳೆಗೆ ಅದು ಕುರುಡು, ಆ ಕೆಲಸಕ್ಕೆ ಅದನ್ನು ಬಳಸಕೂಡದು. ಬೆಳ್ಳಿಯ ಡೈಈಥೈಲ್ ಡೈಥಯೊಕಾರ್ಬಮೇಟ್ ದ್ರಾವಣದಲ್ಲಿ ಆರ್ಸೀನ್ ಹಾಯಿಸಿ ಕೆಂಪು ಬಣ್ಣ ಅಳೆಯುವ ವಿಧಾನ ದಶಕಗಳ ಕಾಲ ಪ್ರಯೋಗಾಲಯಗಳ ಆಸರೆಯಾಗಿತ್ತು. ಅದಕ್ಕೂ ಹೊಳೆಯ ಸಹಜ ಮಟ್ಟ ಎಟುಕುವುದಿಲ್ಲ.

ದೊಡ್ಡ ಜಿಗಿತ ಬಂದದ್ದು 1970ರ ಆಸುಪಾಸಿನಲ್ಲಿ. ಸತುವಿನ ಬದಲು ಸೋಡಿಯಂ ಬೋರೊಹೈಡ್ರೈಡ್ ಬಳಸಿ, ಹುಟ್ಟಿದ ಆರ್ಸೀನನ್ನು ಕಾದ ಸ್ಫಟಿಕದ ಕೊಳವೆಯಲ್ಲಿ ಒಡೆದು, ಬಿಡಿ ಪರಮಾಣುಗಳು 193.7 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತವೆಂದು ನೋಡುವ ಪರಮಾಣು ಹೀರಿಕೆ ವಿಧಾನ ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಕೆಳಗಿಳಿಯಿತು. ಅಮೆರಿಕದ ಬ್ರೇಮನ್ ಮತ್ತು ಫೋರ್‌ಬ್ಯಾಕ್ 1973ರಲ್ಲಿ ಇದಕ್ಕೆ ಇನ್ನೊಂದು ಜಾಣ್ಮೆ ಸೇರಿಸಿದರು. ಹುಟ್ಟಿದ ಅನಿಲಗಳನ್ನೆಲ್ಲ ದ್ರವ ಸಾರಜನಕದಲ್ಲಿ ಮುಳುಗಿಸಿದ ಯು ಆಕಾರದ ಕೊಳವೆಯಲ್ಲಿ ಹೆಪ್ಪುಗಟ್ಟಿಸುವುದು, ಬಳಿಕ ನಿಧಾನವಾಗಿ ಬೆಚ್ಚಗಾಗಲು ಬಿಡುವುದು. ಅಜೈವಿಕ ರೂಪಗಳಿಂದ ಬಂದ ಆರ್ಸೀನ್ ಕುದಿಯುವುದು ಸುಮಾರು ಸೊನ್ನೆಗಿಂತ 62 ಡಿಗ್ರಿ ಕೆಳಗೆ. ಒಂದು ಮೀಥೈಲ್ ಇರುವುದು ಸುಮಾರು 2 ಡಿಗ್ರಿಯಲ್ಲಿ. ಎರಡು ಮೀಥೈಲ್ ಇರುವುದು ಸುಮಾರು 36ರಲ್ಲಿ. ಒಂದಾದ ಮೇಲೊಂದು ಏಳುತ್ತವೆ, ಒಂದಾದ ಮೇಲೊಂದರ ಲೆಕ್ಕ ಸಿಗುತ್ತದೆ. ಆರ್ಸೆನೈಟ್, ಆರ್ಸೆನೇಟ್ ಎರಡೂ ಒಂದೇ ಆರ್ಸೀನ್ ಕೊಡುವುದರಿಂದ ಅವನ್ನು ಬಿಡಿಸಲು ಪಿಎಚ್ ನೆರವಿಗೆ ಬರುತ್ತದೆ: ಪಿಎಚ್ 6ರ ಸುತ್ತ ಆರ್ಸೆನೈಟ್ ಮಾತ್ರ ಅನಿಲವಾಗುತ್ತದೆ, ತೀಕ್ಷ್ಣ ಆಮ್ಲದಲ್ಲಿ ಎರಡೂ ಆಗುತ್ತವೆ, ಎರಡರ ವ್ಯತ್ಯಾಸವೇ ಆರ್ಸೆನೇಟ್. ಆಂಡ್ರೆಯೆ ಎಂಬ ಸಂಶೋಧಕ 1977ರಲ್ಲಿ ಈ ದಾರಿಯನ್ನು ಸಹಜ ನೀರುಗಳಿಗೆ ಹದಗೊಳಿಸಿದರು.

ಗಾಜಿನ ಕೊಳವೆ, ದ್ರವ ಸಾರಜನಕ, ಒಂದು ಪರಮಾಣು ಹೀರಿಕೆ ಯಂತ್ರ ಇಷ್ಟಿದ್ದರೆ ಆಗುವ ಈ ವಿಧಾನದ ಬಗ್ಗೆ ಈ ಲೇಖಕರಿಗೆ ವಿಶೇಷ ಒಲವಿದೆ. ಹೋರಿ, ಕೋಣಗಳ ವೀರ್ಯದ ಕಡ್ಡಿಗಳನ್ನು ಕಾಪಿಡಲು ಪಶು ಆಸ್ಪತ್ರೆಗಳಿಗೆ ದ್ರವ ಸಾರಜನಕ ಬರುತ್ತಲೇ ಇರುತ್ತದೆ. ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕೆ ಅದು ನಿಲುಕದ ವಸ್ತುವಲ್ಲ.

ಈಗಿನ ರಾಜಮಾರ್ಗ ಐಸಿಪಿ-ಎಂಎಸ್. ಆರ್ಗಾನ್ ಪ್ಲಾಸ್ಮಾದಲ್ಲಿ ನೀರನ್ನು ಉರಿಸಿ, ಅಯಾನುಗಳನ್ನು ದ್ರವ್ಯರಾಶಿಯ ಪ್ರಕಾರ ಎಣಿಸುವ ಯಂತ್ರ. ಮುಂದೆ ದ್ರವ ವರ್ಣರೇಖನದ ಸ್ತಂಭ ಜೋಡಿಸಿದರೆ ನಾಲ್ಕೂ ರೂಪಗಳು ಕೆಲವೇ ನಿಮಿಷಗಳಲ್ಲಿ ಸಾಲಾಗಿ ಹೊರಬರುತ್ತವೆ. ಇದಕ್ಕೂ ಒಂದು ಬಲೆ ಇದೆ. ಆರ್ಸೆನಿಕ್ಕಿಗೆ ಇರುವುದು 75ರ ದ್ರವ್ಯರಾಶಿಯ ಒಂದೇ ಸ್ಥಿರ ಐಸೊಟೋಪ್. ಪ್ಲಾಸ್ಮಾದ ಆರ್ಗಾನ್ 40, ನೀರಿನ ಕ್ಲೋರಿನ್ 35, ಎರಡೂ ಕೂಡಿದರೆ ಅದೇ 75. ಊರ ಚರಂಡಿ, ಹೊಲದ ಬಸಿನೀರು ಸೇರಿ ಕ್ಲೋರೈಡ್ ಏರಿದ ಬೇಸಿಗೆಯ ಹೊಳೆಯಲ್ಲಿ ಇಲ್ಲದ ಆರ್ಸೆನಿಕ್ ಇದ್ದಂತೆ ತೋರಬಹುದು. ಹೀಲಿಯಂ ತುಂಬಿದ ಕೋಶದ ಮೂಲಕ ಅಯಾನುಗಳನ್ನು ಹಾಯಿಸಿ ಆ ಜೋಡಿ ಅಯಾನನ್ನು ಹಿಂದೆ ಹಾಕಿದ ಮೇಲಷ್ಟೇ ಅಂಕಿಯನ್ನು ನಂಬಬೇಕು.

ಅಂಕಿಗೆ ಸಾಕ್ಷಿ

ಇಷ್ಟು ಸೂಕ್ಷ್ಮದ ಅಳತೆಯಲ್ಲಿ ಆಮ್ಲದ, ಬಾಟಲಿಯ ಮಲಿನವೂ ಮಾದರಿಯ ಅಂಕಿಯಷ್ಟೇ ಬರಬಲ್ಲದು. ಶುದ್ಧ ನೀರನ್ನೇ ದಂಡೆಗೆ ಒಯ್ದು, ಎಲ್ಲ ಹಂತ ದಾಟಿಸಿ ತಂದ ಖಾಲಿ ಮಾದರಿ, ಒಂದೇ ಜಾಗದ ಜೋಡಿ ಮಾದರಿ, ಗೊತ್ತಿರುವಷ್ಟು ಆರ್ಸೆನಿಕ್ ಬೆರೆಸಿ ಅದು ಮರಳಿ ಎಷ್ಟು ಸಿಕ್ಕಿತೆಂದು ನೋಡುವ ಪರೀಕ್ಷೆ, ಈ ಮೂರೂ ಇಲ್ಲದ ವರದಿಗೆ ಬೆಲೆ ಕಡಿಮೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಒದಗಿಸುವ ಎಸ್‌ಎಲ್‌ಆರ್‌ಎಸ್ ಸರಣಿಯ ಪ್ರಮಾಣಿತ ನದಿನೀರಿನಲ್ಲಿ ಆರ್ಸೆನಿಕ್ ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಕಡಿಮೆ. ಅದನ್ನು ಸರಿಯಾಗಿ ಅಳೆದ ಪ್ರಯೋಗಾಲಯ ತುಂಗಭದ್ರೆಯನ್ನೂ ಅಳೆಯಬಲ್ಲದು.

ಈ ಹೊಳೆಗೆ ಬೇಕಾದ ದಾಖಲೆ

ಕೇಂದ್ರ ಜಲ ಆಯೋಗ ದೇಶದ ನದಿಗಳಲ್ಲಿ ಆರ್ಸೆನಿಕ್ ಸೇರಿದಂತೆ ಸೂಕ್ಷ್ಮ ವಿಷಲೋಹಗಳ ಸ್ಥಿತಿಯ ವರದಿಗಳನ್ನು ಹೊರತಂದಿದೆ. ಗದಗಿನ ನೆರೆಯ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಗೆ ಹರಳಹಳ್ಳಿಯಲ್ಲೂ ವರದೆಗೆ ಮರೋಳದಲ್ಲೂ ಅದರ ಅಳತೆ ಕೇಂದ್ರಗಳಿವೆ. ನದಿಯ ಹರಿವು ಅಲ್ಲಿ ದಾಖಲಾಗುವುದರಿಂದ ಆರ್ಸೆನಿಕ್ಕಿನ ಒಟ್ಟು ಹೊರೆಯನ್ನೂ ಲೆಕ್ಕ ಹಾಕಬಹುದು. ಉದಾಹರಣೆಗೆ, ಹೊಳೆಯಲ್ಲಿ 35,000 ಕ್ಯೂಸೆಕ್ ಹರಿಯುವಾಗ ಲೀಟರಿಗೆ ಒಂದೇ ಮೈಕ್ರೊಗ್ರಾಂ ಇದ್ದರೂ ದಿನಕ್ಕೆ ಸುಮಾರು 86 ಕಿಲೋಗ್ರಾಂ ಆರ್ಸೆನಿಕ್ ಸಾಗಿದಂತಾಗುತ್ತದೆ. ಅದು ಭೀತಿಯ ಅಂಕಿಯಲ್ಲ, ದೊಡ್ಡ ನದಿಯ ಸಹಜ ಸಂಚಾರ. ಆದರೆ ಸಹಜ ಯಾವುದೆಂದು ಬರೆದಿಟ್ಟಿದ್ದರೆ ತಾನೇ ಅಸಹಜವನ್ನು ಗುರುತಿಸಲಾಗುವುದು?

ಕಪ್ಪತಗುಡ್ಡದ ಮೇಲೆ ಗಣಿಯ ಆಸೆ ಮತ್ತೆ ಮತ್ತೆ ಚಿಗುರಿದೆ. 2015ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು, ಆ ಘೋಷಣೆ ಹಿಂದೆ ಹೋಯಿತು, ಜನರ ಹೋರಾಟದ ಬಳಿಕ 2017ರಲ್ಲಿ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿ ಧಾಮವಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳಂಥವರು ಈ ನೆಲಕ್ಕಾಗಿ ಬೀದಿಗಿಳಿದಿದ್ದರು. ಗುಡ್ಡ ಉಳಿಯಿತು. ಅಲ್ಲಿಂದಿಳಿಯುವ ಹಳ್ಳಗಳ ಈಗಿನ ನೀರು ಹೇಗಿದೆ ಎಂಬುದರ ನಿಖರ ದಾಖಲೆಯೂ ಅದರ ಜೊತೆಗೆ ಉಳಿಯಬೇಕು. ಹಳೆಯ ಗಣಿಗಳಿದ್ದ ಕಡೆಯಿಂದ ಹರಿದುಬರುವ ಹಳ್ಳಗಳು, ಡಂಬಳದ ಕೆರೆ, ವರದೆ ಕೂಡುವ ಮೊದಲು ಮತ್ತು ಆಮೇಲಿನ ಹೊಳೆ, ಬ್ಯಾರೇಜಿನ ಹಿನ್ನೀರಿನ ಮೇಲ್ಪದರ ಮತ್ತು ತಳ, ಕೊರ್ಲಹಳ್ಳಿಯ ಸೇತುವೆ, ಶುದ್ಧೀಕರಣ ಘಟಕಕ್ಕೆ ಒಳಬರುವ ಮತ್ತು ಅಲ್ಲಿಂದ ಹೊರಹೋಗುವ ನೀರು ಅಳೆಯಬೇಕಾದ ಜಾಗಗಳು. ಗುಡ್ಡದ ಬುಡದ ನಾಗಾವಿಯಲ್ಲಿ, 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಇಂಥ ಕೆಲಸಕ್ಕೆ ಅದಕ್ಕಿಂತ ಹತ್ತಿರದ ನೆಲೆ ಬೇರೆ ಸಿಗದು. ಮುಂಗಾರಿನ ಮೊದಲ ಹೊಸ ನೀರು ಬಂದ ವಾರದಲ್ಲಿ ಒಮ್ಮೆ, ಹೊಳೆ ತಿಳಿಯಾದ ಕಾರ್ತಿಕದಲ್ಲಿ ಒಮ್ಮೆ, ಮಡುಗಳು ಹಸಿರುಗಟ್ಟುವ ಏಪ್ರಿಲ್-ಮೇಯಲ್ಲಿ ಒಮ್ಮೆ, ಪ್ರತಿ ವರ್ಷವೂ ಅದೇ ಜಾಗಗಳಿಂದ ಮಾದರಿ ತೆಗೆಯಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಸೋಸಿದ ನೀರಿನದೋ ಸೋಸದ್ದೋ, ಯಾವ ರೂಪದ್ದು, ಆ ದಿನ ಹೊಳೆಯ ಹರಿವೆಷ್ಟು, ಪಿಎಚ್ ಮತ್ತು ಕರಗಿದ ಆಮ್ಲಜನಕವೆಷ್ಟು ಎಂಬುದನ್ನೂ ದಾಖಲಿಸಿ, ಊರಿನವರು ಓದಬಹುದಾದ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು.